ನಾಲ್ಕನೇ ಜ್ವರ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಹಗಲೆಲ್ಲ ನಾನು ತೂಕ ಬರೆಯುವವಳು.
ಮೇಲೂರಿನ ಲಾಟು ನಲವತ್ತೆರಡು ಕಿಲೋ ಆರುನೂರು,
ದಿಬ್ಬೂರಹಳ್ಳಿಯದು ಅರವತ್ತು ಚಿಲ್ಲರೆ.
ಗೂಡು ಹಗುರ, ಚೀಟಿ ಹಗುರ,
ಸಂಜೆಗೆ ಕೈ ಮಾತ್ರ ಏನೋ ಕೇಳುತ್ತದೆ.

ಆರಕ್ಕೆ ಟೈಲರ್ ಅಂಗಡಿಯ ಮಹಡಿ ಹತ್ತುತ್ತೇನೆ.
ಅಲ್ಲಿ ನಸ್ರೀನಳ ಹೆಂಗಸರ ಬ್ಯಾಚು:
ಎರಡು ಬಾರು, ತುಕ್ಕು ಹಿಡಿದ ತಟ್ಟೆಗಳು,
ಸೀಮೆಸುಣ್ಣದ ಡಬ್ಬಿ, ಅರ್ಧ ಕನ್ನಡಿ.
ನಲವತ್ತನಾಲ್ಕನೇ ವಯಸ್ಸಿಗೆ
ನೆಲದಿಂದ ಎಪ್ಪತ್ತು ಕಿಲೋ ಎಬ್ಬಿಸಿದೆ.
ಎಪ್ಪತ್ತಕ್ಕೇ ನಿಂತೆ.
ದೀಪಾವಳಿಗೆ ಎಪ್ಪತ್ತು, ಸಂಕ್ರಾಂತಿಗೆ ಎಪ್ಪತ್ತು,
ಶಿವರಾತ್ರಿಗೆ ಅರವತ್ತೈದು.

ಶಿವರಾತ್ರಿ ಊರಿಗೆ ವರ್ಷಕ್ಕೊಂದು,
ನನಗೆ ವಾರಕ್ಕೆ ಐದು.
ಉಪವಾಸ ಇಲ್ಲ, ಅಷ್ಟೇ ವ್ಯತ್ಯಾಸ.

ಎರಡು ಗಂಟೆಗೆ ಕಣ್ಣು ತಾನೇ ತೆರೆಯುತ್ತದೆ
ಯಾರೋ ಹೊರಗಿನಿಂದ ಶಟರ್ ಎತ್ತಿದ ಹಾಗೆ.
ಕುತ್ತಿಗೆಯ ಹಿಂದೆ ಕಾದ ಹಂಚು.
ಹಿಂದಿನ ಬೀದಿಯ ಬೆಂದ ಹುಳದ ವಾಸನೆ
ಕಿಟಕಿಯಲ್ಲಿ ಕೂತು ನನ್ನನ್ನೇ ನೋಡುತ್ತದೆ.
ಫೋನು ತೆಗೆದರೆ, ಯಾವಳೋ ನೂರು ಎತ್ತುತ್ತಿದ್ದಾಳೆ,
ನಗುತ್ತ.
ಸೋಮವಾರದ ತೊಡೆನೋವು ಗುರುವಾರವೂ
ಬಾಡಿಗೆ ಕೊಡದೆ ಒಳಗೇ ಕೂತಿದೆ.
ನಾನೋ, ಸಾಲದು ಅಂತ
ಇನ್ನೂ ಎರಡು ಸುತ್ತು, ಇನ್ನೊಂದು ಮೊಟ್ಟೆ,
ರಾತ್ರಿ ಒಂಬತ್ತಕ್ಕೊಂದು ಸ್ಟ್ರಾಂಗ್ ಟೀ.
"ಹೊಟ್ಟೆಗೆ ಹಾಕ್ತೀಯ, ಬಾರಿಗೆ ಹಾಕ್ತೀಯ,
ಹಾಸಿಗೆಗೆ ಏನು ಹಾಕ್ತೀಯ?" ಅಂದಳು ನಸ್ರೀನ್
ಎರಡೂ ಕಡೆಯಿಂದ ತಟ್ಟೆ ಕಳಚುತ್ತ.
ಕೋಪ ಬಂತು. ಒಂದು ವಾರ ಹೋಗಲಿಲ್ಲ.

ಆ ವಾರವೇ ಮಳ್ಳೂರಿಗೆ, ದೊಡ್ಡಮ್ಮನ ಹುಳುಮನೆಗೆ.
ಬಾಗಿಲಲ್ಲೇ ತಡೆದಳು ಮುನಿವೆಂಕಟಮ್ಮ:
"ಮೆತ್ತಗೆ. ನಾಲ್ಕನೇ ಜ್ವರಕ್ಕೆ ಕೂತವೆ."
ಹುಳದ ನಿದ್ದೆಗೆ ನಮ್ಮ ಕಡೆ ಜ್ವರ ಅಂತಲೇ ಹೆಸರು.
ಚಿಕ್ಕಂದಿನಿಂದ ಕೇಳಿದ ಮಾತು, ಕೇಳಿಸಿದ್ದು ಆಗ.
ತಟ್ಟೆ ತುಂಬ ತಲೆ ಎತ್ತಿ ನಿಂತ ಹುಳ,
ಒಂದೂ ಮೇಯುತ್ತಿಲ್ಲ, ಒಂದೂ ಕದಲುತ್ತಿಲ್ಲ.
ಕೊಯ್ದ ಸೊಪ್ಪು ಗೋಣಿಯಡಿ ತಣ್ಣಗೆ ಕಾಯುತ್ತಿತ್ತು.
ಅವಳು ಸುಣ್ಣದ ಪುಡಿ ಉದುರಿಸುತ್ತಿದ್ದಳು
ಮಗುವಿನ ಬೆನ್ನಿಗೆ ಪೌಡರ್ ಹಾಕಿದ ಹಾಗೆ.

"ಈಗ ಸೊಪ್ಪು ಹಾಕಿದ್ರೆ?"
"ಕೆಡ್ತವೆ. ಹಳೇ ಚರ್ಮ ಬಿಗಿಯಾಗೈತೆ,
ಒಳಗೆ ಹೊಸದು ಬರಬೇಕಲ್ಲ.
ತಿಂದಿದ್ದು ಸಾಕು ಅಂತ ಹುಳಕ್ಕೇ ಗೊತ್ತು.
ನಿಂಗೆ ಗೊತ್ತಾಗಲ್ವಾ? ಕಣ್ಣಡಿ ನೋಡ್ಕೋ."

ಬಸ್ಸಿನಲ್ಲಿ ಬೆರಳಿಗೆ ಅಂಟಿದ ಅವಳ ಸುಣ್ಣ,
ಅಂಗೈ ಜಡ್ಡಿನಲ್ಲಿ ನನ್ನ ಹಳೆಯ ಸೀಮೆಸುಣ್ಣ.

ಫೋನು ಈಗ ಅಕ್ಕಿ ಡಬ್ಬದ ಮೇಲೆ ಮಲಗುತ್ತದೆ.
ಮೂರರ ಮೇಲೆ ಟೀ ಇಲ್ಲ. ಮೊದಲ ಹತ್ತು ದಿನ
ತಲೆನೋವಲ್ಲಿ ತೂಕವನ್ನೇ ತಪ್ಪು ಬರೆದು
ರೀಲರ್ ಬಾಷಾಸಾಬರಿಂದ ಬೈಸಿಕೊಂಡೆ.
ಬ್ಯಾಚನ್ನು ಬೆಳಗಿನ ಆರಕ್ಕೆ ಬದಲಿಸಿದೆ.
ಕಿಟಕಿಗೆ ಒದ್ದೆ ಗೋಣಿ, ಹುಳುಮನೆಗೆ ಕಟ್ಟಿದ ಹಾಗೇ.
ಎರಡಕ್ಕೆ ಎಚ್ಚರವಾದರೆ ಕತ್ತಲಲ್ಲೇ ಕೂತು
ಒಗೆದ ಬಟ್ಟೆ ಮಡಿಚುತ್ತೇನೆ,
ಕಾಲುಚೀಲದ ಜೋಡಿಯನ್ನು ಬೆರಳಲ್ಲೇ ಹುಡುಕುತ್ತ.
ನಿದ್ದೆಯನ್ನು ಕರೆಯುವುದಿಲ್ಲ; ಕರೆದರೆ ಬಾರದ ನೆಂಟ ಅದು.
ಎಷ್ಟೋ ರಾತ್ರಿ ಮಡಿಚಲು ಬಟ್ಟೆಯೇ ಉಳಿಯಲಿಲ್ಲ.

ಯುಗಾದಿ ಕಳೆದ ಮೇಲೆ ಒಂದು ದಿನ
ಎದ್ದಾಗ ಗೋಡೆಯ ಮೇಲೆ ಬಿಸಿಲು.
ಚಿಂತಾಮಣಿಯ ಮೊದಲ ಬಸ್ಸು ಕೇಳಿಲ್ಲ,
ಬಾಂಗು ಕೇಳಿಲ್ಲ,
ಮಗ್ಗುಲಲ್ಲಿ ಇವರು ಕೆಮ್ಮಿದ್ದು ಕೇಳಿಲ್ಲ.
ಬ್ಯಾಚು ತಪ್ಪಿಹೋಗಿತ್ತು.
ಕೆನ್ನೆಯ ಮೇಲೆ ದಿಂಬಿನ ಗೀಟು.
ತೊಡೆ ಮುಟ್ಟಿ ನೋಡಿಕೊಂಡೆ:
ಬಾಡಿಗೆದಾರ ಖಾಲಿ ಮಾಡಿದ್ದ.

ಮರುದಿನ ಎಪ್ಪತ್ತೆರಡೂವರೆ.
ನಸ್ರೀನ್ ಏನೂ ಅನ್ನಲಿಲ್ಲ, ಫ್ಯಾನು ಮಾತ್ರ ನನ್ನ ಕಡೆ ತಿರುಗಿಸಿದಳು.

ಹತ್ತಕ್ಕೆ ಮಾರುಕಟ್ಟೆಗೆ ಮಳ್ಳೂರಿನ ಲಾಟು ಬಂತು.
ತೂಕ ಬರೆಯುವ ಮುಂಚೆ ಒಂದು ಗೂಡೆತ್ತಿ
ಕಿವಿಯ ಹತ್ತಿರ ಅಲುಗಿಸಿದೆ.
ಒಳಗೆ ಯಾರೋ ಮಲಗಿದ್ದರು.
ಮೆಲ್ಲಗೆ ಇಟ್ಟೆ.