ಬೇಗಡೆ

ಕಾರವಾರದ ಶೋರೂಮಿಗೆ ಕೆಲಸಕ್ಕೆ ಸೇರಿದ ದಿನ
ಕೈಗೊಂದು ಹಾಳೆ ಕೊಟ್ಟರು. ಹನ್ನೆರಡು ಪದ.
ಶುಕ್ರವಾರ ಪರೀಕ್ಷೆ.
ಅಂಕೋಲೆಗೆ ಮರಳುವ ಸಂಜೆಯ ಬಸ್ಸಿನಲ್ಲಿ
ಕಿಟಕಿಯ ಸರಳಿಗೆ ಹಣೆಯೊತ್ತಿ ಉರುಹೊಡೆದೆ:
ಪ್ರಾಂಗ್, ಬೆಜಲ್, ಚಾನೆಲ್, ಪಾವೆ.
ಬಿಣಗಾದ ತಿರುವಿಗೆ ನಾಲ್ಕೂ ಉದುರಿಹೋದವು.
ಅರಗಾ ಬಂದಾಗ ಮಾತ್ರ
ಹಾಳೆಯಲ್ಲಿಲ್ಲದ ಒಂದು ಪದ
ನಾಲಿಗೆಗಿಂತ ಮೊದಲು ಮೂಗಿಗೆ ಬಂತು: ಅರಗು.
ಅಪ್ಪನ ಅಗ್ಗಿಷ್ಟಿಕೆಯ ಹೊಗೆ.

ಅಪ್ಪ, ವಿಠೋಬ ವೆರ್ಣೇಕರ್.
ನಲವತ್ತು ವರ್ಷ ಪರರ ಚಿನ್ನದಲ್ಲಿ ಕಲ್ಲು ಕೂರಿಸಿದವರು;
ಈಗ ತನ್ನ ಅನ್ನದಲ್ಲಿರುವ ಕಲ್ಲೂ ಕಾಣದವರು.
"ಓದು" ಅಂದರು.

"ಪ್ರಾಂಗ್: ನಾಲ್ಕು ಕೊಂಡಿ ಮೇಲಿಂದ ಬಾಗಿ ಹಿಡಿಯುವುದು."
"ಉಗುರು ಅನ್ನು. ಬಲೆ ಹೆಣೆಯುವವರಿಗೆ
ಉಗುರುಕಟ್ಟು ಮಾಡಿಕೊಡಬಾರದು. ನೂಲು ಸಿಕ್ಕಿಕೊಳ್ತದೆ."
"ಬೆಜಲ್: ಸುತ್ತಲೂ ಅಂಚು."
"ಬಾವಿಕಟ್ಟೆ."
"ಚಾನೆಲ್?"
"ಗಜನಿಯ ಕಾಲುವೆ. ಎರಡು ದಂಡೆ, ನಡುವೆ ಸಾಲು,
ಕಲ್ಲಿಗೂ ಕಲ್ಲಿಗೂ ಗೋಡೆ ಇಲ್ಲ;
ಒಂದು ಸಡಿಲಾದರೆ ಸಾಲಿಗೆ ಸಾಲೇ ಹೊರಡ್ತದೆ."
"ಪಾವೆ: ಸಣ್ಣ ಕಲ್ಲು, ಒತ್ತೊತ್ತಾಗಿ, ಚಿನ್ನ ಕಾಣದ ಹಾಗೆ."
ಅಪ್ಪ ತಡವರಿಸಿದರು. ಅದು ಅವರ ಕೈದಾಟಿದ ಕೆಲಸ.
"ತಾರ್ಲೆ ಹೊಯ್ದ ಬುಟ್ಟಿ ಅಂತ ಬರಿ" ಅಂದು
ತಾವೇ ನಕ್ಕರು.
ಮಾತೆಲ್ಲ ನಡೆದದ್ದು ಕೊಂಕಣಿಯಲ್ಲಿ;
ನಾನು ಬರೆದುಕೊಂಡದ್ದು ಕನ್ನಡದಲ್ಲಿ.

ಹತ್ತನೆಯದು, ಫಾಯಿಲ್ ಬ್ಯಾಕ್.
ಹಿಂದೆ ಮುಚ್ಚಿದ ಮನೆ, ಕಲ್ಲಿನಡಿ ಬಣ್ಣದ ತಗಡು.
"ಬೇಗಡೆ" ಅಂದರು, ಮೆತ್ತಗೆ,
ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ ಹಾಗೆ.
"ಕೆಂಪು ಸಪ್ಪೆಯಿದ್ದರೆ ಅಡಿಗೊಂದು ಚೂರು.
ಗಿರಾಕಿಗೆ ಹೇಳಿಯೇ ಇಡ್ತಿದ್ದೆ."
ಆಮೇಲೆ: "ಕೆಲವರಿಗೆ."

ಹನ್ನೆರಡಕ್ಕೆ ಹನ್ನೊಂದು ಬಂತು.
ತಪ್ಪಿದ್ದು ಹತ್ತನೆಯದು. ಉಪಯೋಗವೇನು?
ಅವರ ಉತ್ತರ, ಕಳಪೆ ಕಲ್ಲನ್ನು ಮರೆಮಾಚಲು.
ನನ್ನದು, ಕತ್ತಲಿರುವ ಕಡೆಯಿಂದಲೂ ಬೆಳಕು ಕೊಡಲು.

ಶನಿವಾರ ಬಂದಳು ಮಾಸ್ತಮ್ಮ ಹರಿಕಂತ್ರ,
ಖಾಲಿ ಬುಟ್ಟಿಯನ್ನು ಕಾವಲುಗಾರನ ಕಾಲ ಬಳಿ ಇಟ್ಟು.
ಸೆರಗಿನ ಗಂಟಿನಲ್ಲಿ ಏಳು ಕಲ್ಲಿನ ಓಲೆ,
ಇದ್ದದ್ದು ಆರು ಕಲ್ಲು.
ರಿಪೇರಿ ಇಲ್ಲ ನಮ್ಮಲ್ಲಿ, ಎಕ್ಸ್‌ಚೇಂಜ್ ಮಾತ್ರ.
ಅರಗು ಕಳೆದು, ಕಲ್ಲು ಕಳೆದು, ಸವಕಳಿ ಕಳೆದು
ತೂಕ ಹೇಳಿದೆ, ನಾನೇ, ಹೊಸದಾಗಿ ಕಲಿತ ದನಿಯಲ್ಲಿ.
"ಕಲ್ಲಿಗೆ?"
"ಕಲ್ಲಿಗೆ ಬೆಲೆ ಇಲ್ಲ."
"ನಮ್ಮವ್ವ ಅದಕ್ಕೇ ಮಾಡ್ಸಿದ್ದು" ಅಂದಳು.
ಆದರೂ ಕೊಟ್ಟಳು. ಯಾವುದೋ ಫೀಸು ಕಟ್ಟಬೇಕಿತ್ತು.

ಹಿಂದಿನ ಕೋಣೆಯಲ್ಲಿ ಬಿಸಿ ತಾಗಿಸಿ
ಒಂದೊಂದೇ ಬಿಡಿಸಿದರು. ನಾನು ಆಯ್ದೆ.
ಮನೆಯಲ್ಲಿದ್ದಾಗ ರಕ್ತದ ಹನಿಯಂಥವು,
ಹೊರಬಂದವೇ
ನೀರು ಹೆಚ್ಚಾದ ಮುರುಗಲ ಪಾನಕ.
ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟೆ.
ಬೆಳಕಿಗೆ ಹಿಡಿದಳು. ತಿರುಗಿಸಿ ಹಿಡಿದಳು.
"ಇದು ನಂದಲ್ಲ."
ಹನ್ನೆರಡೂ ಪದ ನಾಲಿಗೆಯ ಮೇಲಿದ್ದವು,
ಅಪ್ಪನದೂ ಒಂದು.
ಮುಂದಿನ ಗಿರಾಕಿಯನ್ನು ಕರೆದೆ.

ರಾತ್ರಿ ಊಟಕ್ಕೆ ಕೈ ತೊಳೆಯುವಾಗ ಕಂಡಿತು
ಹೆಬ್ಬೆರಳ ಉಗುರಿನೊಳಗೆ ಬೇಗಡೆಯ ಚೂರು,
ಇನ್ನೂ ಕೆಂಪು.
ಅಪ್ಪನ ಅಂಗೈಗೆ ಉದುರಿಸಿದೆ. "ನಿಮ್ಮದೇ, ಅಲ್ವಾ?"
ಟ್ಯೂಬ್‌ಲೈಟಿನಡಿ ಮೂಗಿನ ತುದಿಗೆ ತಂದು,
ಕಾಣದೆ, ಬೆರಳಿಂದ ಅಂಚು ಸವರಿ,
"ಅಲ್ಲ" ಅಂದರು. "ನಾನು ದುಂಡಗೆ ಕತ್ತರಿಸ್ತಿದ್ದೆ.
ಇದು ಯಾರದೋ ಅವಸರದ ಕತ್ತರಿ."

ಆದರೂ ಮುಷ್ಟಿ ಬಿಚ್ಚಲಿಲ್ಲ, ಎಡಗೈಯದು.
ಬಲಗೈ
ಅನ್ನದಲ್ಲಿ ಕಲ್ಲು ಹುಡುಕುತ್ತಿತ್ತು.