ಹಲ್ಲುನೋವು

ಶಿಡ್ಲಘಟ್ಟದ ತಾಲ್ಲೂಕು ಆಸ್ಪತ್ರೆ, ಹನ್ನೊಂದನೇ ಕೋಣೆ,
ಮಂಗಳವಾರ.
ಹೊರಗೆ ಬೆಂಚಿನಲ್ಲಿ ಪರಿಚಯದವರು ಕಂಡರೆ
ಹಲ್ಲುನೋವು ಅನ್ನುತ್ತೇನೆ.

ಒಳಗೆ ಹೇಮಾವತಿ ಮೇಡಂ. ಮಾತ್ರೆ ಬರೆಯುವುದಿಲ್ಲ.
"ಸಿಟ್ಟು ಮೊದಲು ಎಲ್ಲಿ ಬರುತ್ತೆ, ಅಫ್ಸರ್ ಅವರೇ?"
ಮನೆಯಲ್ಲಿ, ಅಂದೆ.
"ಮೈಯಲ್ಲಿ ಎಲ್ಲಿ?"

ಮೂರು ವಾರ ಹುಡುಕಿದೆ.
ಇಪ್ಪತ್ತು ವರ್ಷ ನೂಲು ಬಿಚ್ಚಿದವನು ನಾನು,
ಕುದಿವ ನೀರಲ್ಲಿ ಗೂಡು ತಿರುವಿ
ಕಣ್ಣಿಗೆ ಕಾಣದ ಎಳೆಯ ತುದಿ ಹಿಡಿದ ಬೆರಳು ಇವು.
ನನ್ನದೇ ದವಡೆ ಬಿಗಿಯುವುದು
ಗೊತ್ತಾಗಿರಲಿಲ್ಲ.

ಎಡಗಡೆ. ಕಿವಿಯ ಕೆಳಗೆ.
ಹಲ್ಲುನೋವು ಪೂರ್ತಿ ಸುಳ್ಳೇನಲ್ಲ.

ನಿನ್ನೆ ರಾತ್ರಿ ಮುಬೀನಾ ಕೇಳಿದಳು,
"ನೂಲಿನ ದುಡ್ಡು ಬಂತಾ?"
ದವಡೆ ಕಚ್ಚಿತು. ಉಸಿರು ಬಿಟ್ಟೆ, ಒಂದು.
ಫ್ಯಾನಿನ ಕಟಕಟ, ಎರಡು.
ಹುರುಳಿ ಸಾರಿನ ಘಮ,
ಮೂರು ಎಣಿಸುವಷ್ಟರಲ್ಲಿ ಮಗಳು ತಟ್ಟೆ ಹಿಡಿದು
ಒಳಕೋಣೆಗೆ ಎದ್ದಿದ್ದಳು, ರೂಢಿಯಂತೆ.

"ಇಲ್ಲ," ಅಂದೆ. "ಭಯ ಆಗ್ತಿದೆ."

ಮುಬೀನಾ ನನ್ನ ಹಣೆ ಮುಟ್ಟಿ ನೋಡಿದಳು,
ಜ್ವರವೇನೋ ಎಂದು.

ಇವತ್ತು ಬೆಳಿಗ್ಗೆ ಮತ್ತೆ ಕೂಗಾಡಿದೆ, ಚಪ್ಪಲಿ ಸಿಗದ್ದಕ್ಕೆ.
ಎಣಿಸುವುದು ನೆನಪೇ ಆಗಲಿಲ್ಲ.
ಬರಿಗಾಲಲ್ಲೇ ಬೀದಿ ತುದಿವರೆಗೆ ಹೋಗಿ,
ಬೋರ್‌ವೆಲ್ ಹತ್ತಿರ ಸ್ವಲ್ಪ ಹೊತ್ತು ನಿಂತು, ವಾಪಸ್ಸು ಬಂದೆ.
"ಆಗ ಕೂಗಿದ್ದು ಚಪ್ಪಲಿಗಲ್ಲ."
"ಗೊತ್ತು," ಅಂದಳು, ಒಲೆಯಿಂದ ತಿರುಗದೆ.

ಮಗಳು ಉಪ್ಪಿಟ್ಟಿನ ತಟ್ಟೆ ಹಿಡಿದು
ಒಳಕೋಣೆಯ ಹೊಸಿಲಲ್ಲಿ ನಿಂತಿದ್ದಳು.
ಒಂದು ಕಾಲು ಒಳಗೆ,
ಒಂದು ಈಚೆ.