ಲಿಫ್ಟಿನ ಡಬ್ಬಿ

ಟಿಬಿಲಿಸಿಯ ನಮ್ಮ ಕಟ್ಟಡದ ಲಿಫ್ಟು
ಕಾಸು ನುಂಗದೆ ಕದಲುವುದಿಲ್ಲ.

ಎಂಟು ವರ್ಷ ಒಟ್ಟಿಗೇ ಏರಿದ್ದೇವೆ,
ನಮ್ಮ ನಮ್ಮ ಬೂಟು ನೋಡುತ್ತ.
ನನಗೆ ಆಕೆ ಬರೀ ಒಂಬತ್ತನೇ ಮಹಡಿಯವಳು.

ಆ ರಾತ್ರಿ ಆಲೂಗಡ್ಡೆ ಚೀಲ ಕಾಲಿಗೊರಗಿಸಿ
ಪರ್ಸು ತಡಕುತ್ತಿದ್ದಳು.
ನಾನೊಂದು ಬಿಲ್ಲೆ ಹಾಕಿದೆ.
"ಎತೇರಿ, ನನ್ನ ಹೆಸರು" ಅಂದಳು,
ಸಾಲಕ್ಕೆ ಅದನ್ನೇ ಅಡವಿಟ್ಟ ಹಾಗೆ.

ಮಾರನೆಯ ದಿನ ಲಿಫ್ಟಿನ ಗುಂಡಿಯ ಪಕ್ಕ
ತಂತಿಯಲ್ಲಿ ಬಿಗಿದ ಚಹಾ ಡಬ್ಬಿ,
ತಳದಲ್ಲಿ ಮೂರು ಬಿಲ್ಲೆ.
ಐದನೆಯ ಮಹಡಿಯ ಗುರಾಮ್ ಗೊಣಗಿದ:
"ಕದೀತಾರೆ, ನೋಡ್ತಿರಿ."

ಕದ್ದರು ಕೂಡ, ಎರಡು ಸಲ.

ಫೆಬ್ರವರಿಯ ನಡುರಾತ್ರಿ ಗುರಾಮನಿಗೆ ಎದೆನೋವು.
ಸ್ಟ್ರೆಚರಿನವರ ಜೇಬಲ್ಲಿ ಚಿಲ್ಲರೆಯಿರಲಿಲ್ಲ.
ಡಬ್ಬಿಯಲ್ಲಿತ್ತು.

ಈಗವನು ದಿನಾ ಸಂಜೆ ಎಣಿಸುತ್ತಾನೆ,
ಯಾವ ಮಗುವೋ ಹಾಕಿದ
ಅಂಗಿಯ ಗುಂಡಿಯನ್ನೂ ಸೇರಿಸಿ.